ಸಂಕೇತ ತೊಂಬತ್ತೊಂಬತ್ತು

ಬೈತಖೋಲದ ಜೆಟ್ಟಿಯಲ್ಲಿ ಬೆಳಗಿನ ಆರೂವರೆಗೆ
ಟ್ಯಾಬ್ಲೆಟ್ಟಿನ ಗಾಜಿಗೆ ಉಪ್ಪು ಕೂತು
ಬೆರಳಿಟ್ಟ ಕಡೆ ಒತ್ತುವುದಿಲ್ಲ.
ದುಪಟ್ಟಾದಿಂದ ಒರೆಸಿ ಕೇಳುತ್ತೇನೆ:
ನಿಮ್ಮ ಕೆಲಸದ ಬಗ್ಗೆ ನಿಮಗೆ ಎಷ್ಟು ತೃಪ್ತಿಯಿದೆ?
ಪೂರ್ತಿ, ತಕ್ಕಮಟ್ಟಿಗೆ, ಅಷ್ಟೇನಿಲ್ಲ, ಸ್ವಲ್ಪವೂ ಇಲ್ಲ.
ನಾಲ್ಕರಲ್ಲಿ ಒಂದು ಹೇಳಿ.

ಶೀಗಡಿಯ ತಲೆ ಮುರಿಯುವ ಕೈ ನಿಲ್ಲುವುದಿಲ್ಲ.
ಗುಣವಂತಿ ಹರಿಕಂತ್ರ. ವಯಸ್ಸು?
‘ದೊಡ್ಡ ಗಾಳಿಯ ವರ್ಷ ನನಗೆ ಹಾಲುಹಲ್ಲು ಬಿದ್ದಿತ್ತು,
ಲೆಕ್ಕ ನೀನೇ ಹಾಕ್ಕೋ.’
ಹಾಕಿಕೊಂಡೆ: ಐವತ್ತೈದರಿಂದ ಅರವತ್ತು.
ತೃಪ್ತಿ?
‘ಇವತ್ತಿನದೋ ಮೊನ್ನೆಯದೋ?
ಮೊನ್ನೆ ಬಂಗಡೆ ಬಿದ್ದಿತ್ತು.’

ಇಂಥ ಉತ್ತರಕ್ಕೆ ಕಾಲಂ ಇಲ್ಲ.
ಪ್ರಶ್ನೆ ಬರೆದವರು ಯಾರೋ.
ಮೊದಲು ಅಮೆರಿಕದಲ್ಲಿ, ಅಲ್ಲಿನ ಕೆಲಸಗಾರರಿಗೆ
ಫೋನಿನಲ್ಲಿ ಕೇಳಿದ್ದಂತೆ;
ಆಮೇಲೆ ಕನ್ನಡಕ್ಕೆ ಇಳಿಸಿದರು,
ಇಲ್ಲಿ ನಿಂತು ನಾನು ಕೊಂಕಣಿಗೆ ಇಳಿಸಬೇಕು.
ದೋಣಿಯಿಂದ ದೋಣಿಗೆ ದಾಟಿಸುವಾಗ
ಬುಟ್ಟಿಯಿಂದ ಒಂದೆರಡು ಮೀನು ನೀರಿಗೆ ಬೀಳುವುದು ಇದ್ದದ್ದೇ.
‘ಕೆಲಸ ಮತ್ತು ಬದುಕಿನ ಸಮತೋಲನ’ ಹಾಗೇ ಬಿತ್ತು.
ಬಗ್ಗಿ ನೋಡಿದೆ, ಕಾಣಲಿಲ್ಲ.

ಹಗ್ಗ ಸುತ್ತುತ್ತಿದ್ದ ಝಾರ್ಖಂಡದ ಹುಡುಗ
ಎಲ್ಲದಕ್ಕೂ ಪೂರ್ತಿ, ಪೂರ್ತಿ ಅಂದಿದ್ದ.
ಹತ್ತಡಿ ಆಚೆ ಅವನ ತಾಂಡೇಲ ಡೀಸೆಲ್ ಅಳೆಯುತ್ತಿದ್ದ.
ಆ ಹತ್ತಡಿಯನ್ನು ಎಲ್ಲಿ ಬರೆಯಲಿ?

ಒಂದು ಫಾರ್ಮಿಗೆ ನನಗೆ ನಲವತ್ತೈದು ರೂಪಾಯಿ.
ಅರ್ಧಕ್ಕೆ ಬಿಟ್ಟರೆ ಇಲ್ಲ.
ಹನ್ನೆರಡು ನಿಮಿಷದೊಳಗೆ ಮುಗಿಸಿದರೂ ಇಲ್ಲ,
ಸುಳ್ಳು ತುಂಬಿದ್ದಾಳೆ ಅನ್ನುತ್ತದೆ ಯಂತ್ರ.
ಬಾಯಿ ಬಿಡದವರಿಗೆ ತೊಂಬತ್ತೊಂಬತ್ತು ಒತ್ತಬಹುದು:
ಗೊತ್ತಿಲ್ಲ, ಅಥವಾ ಹೇಳಲಾರೆ.
ಎರಡಕ್ಕೂ ಅದೊಂದೇ ಅಂಕಿ.
ಹೆಚ್ಚು ಒತ್ತಿದರೆ ಸೂಪರ್‌ವೈಸರ್ ಪಡ್ತಿಯವರು
ಹುಬ್ಬಳ್ಳಿಯಿಂದ ಫೋನು ಮಾಡುತ್ತಾರೆ:
‘ಏನ್ ಮೇಡಂ, ನಿಮ್ಮ ಕಾರವಾರದವರಿಗೆ
ಏನೂ ಗೊತ್ತೇ ಇಲ್ಲೇನು?’

ಹದಿನೇಳನೆಯ ಪ್ರಶ್ನೆ.
ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ
ಒಂದೇ ಕೂಲಿ ಸಿಗಬೇಕು. ಒಪ್ಪುತ್ತೀರಾ?

ಅವಳ ಕೈ ನಿಂತಿತು.
ಮಂಜುಗಡ್ಡೆಯ ಲಾರಿ ಹಿಂದೆ ಹಿಂದೆ ಸರಿಯುತ್ತ
ಒಂದೇ ರಾಗ ಹಾಡಿತು.
ಹದ್ದೊಂದು ಇಳಿದು, ಶೀಗಡಿಯ ತಲೆ ಎತ್ತಿಕೊಂಡು ಹೋಯಿತು.
‘ನನ್ನ ಅಭಿಪ್ರಾಯಕ್ಕೆ ನಿನಗೆಷ್ಟು ಸಿಗತದೆ?’
ನಲವತ್ತೈದು.
‘ಅಭಿಪ್ರಾಯ ನಂದು, ಕೂಲಿ ನಿಂದು! ಇರಲಿ ಬಿಡು.
ನಿನ್ನೆ ಮೋಟರ್‌ಸೈಕಲ್ಲಿನ ಮೇಲೆ ಬಂದಿದ್ದನಲ್ಲ,
ಇದೇ ಹಲಗೆ ಹಿಡಕೊಂಡು, ಇವೇ ಪ್ರಶ್ನೆ,
ಅವನಿಗೆಷ್ಟು?’

ಅವನಿಗೆ ಅರವತ್ತು.
ಪೆಟ್ರೋಲಿನ ಲೆಕ್ಕ ಅಂತ ಹೇಳಿದ್ದರು.
ನಾನು ಬಸ್ಸಿನಲ್ಲಿ ಬರುತ್ತೇನೆ, ಬಸ್ಸೂ ಪುಕ್ಕಟೆಯಲ್ಲವೇ
ಎಂದು ನಾನೂ ತಲೆಯಾಡಿಸಿದ್ದೆ.
ಈಗ ಟ್ಯಾಬ್ಲೆಟ್ಟಿನ ಮೇಲಿನ ಉಪ್ಪು
ಮತ್ತೆ ಮತ್ತೆ ಒರೆಸಿದೆ.

ಎಷ್ಟು ಹೊತ್ತು ಕಾದಳೋ.
ಬೆಳಗಿನಿಂದ ಪಕ್ಕದವರಿಗೆಲ್ಲ ನಾನು ಹೇಳುತ್ತಿದ್ದ ಮಾತನ್ನು
ಕೂತಲ್ಲೇ ಕೇಳಿ ಕಲಿತಿದ್ದಳು:
‘ತೊಂಬತ್ತೊಂಬತ್ತು. ಬರಕೋ’ ಅಂದಳು,
ನನ್ನ ಕಡೆ ಬೆರಳು ತೋರಿಸಿ.
ಸುತ್ತಲಿನ ಹೆಂಗಸರು ನಕ್ಕರು.
ಅವಳು ನಗಲಿಲ್ಲ, ಇನ್ನೊಂದು ಹಿಡಿ ಶೀಗಡಿ ಎಳೆದುಕೊಂಡಳು.

ಐವತ್ತಕ್ಕೆ ಬಂಗಡೆ ಕೊಂಡೆ.
ಆ ಫಾರ್ಮಿನ ಮಟ್ಟಿಗೆ ನನಗೆ ಐದು ರೂಪಾಯಿ ಲುಕ್ಸಾನು.

ಸದಾಶಿವಗಡದ ಬಸ್ಸು ಕೋಡಿಬಾಗ ದಾಟುವಾಗ
ನೆಟ್‌ವರ್ಕ್ ಸಿಕ್ಕಿ, ಹನ್ನೊಂದು ಫಾರ್ಮುಗಳು
ಒಂದೊಂದಾಗಿ ಮೇಲೆ ಹೋದವು.
ಹದಿನೇಳಕ್ಕೆ ಅವಳ ಹೆಸರಿನಲ್ಲಿ ನಾನೇನು ಒತ್ತಿದೆ
ಎಂಬುದು ಬೇಡ.
ಯಾವುದೋ ವರದಿಯ ಕೊನೆಯ ಪುಟದಲ್ಲಿ
ಒಂದು ಬೂದು ಗೆರೆ ಕೂದಲಿನಷ್ಟು ದಪ್ಪವಾಗುತ್ತದೆ, ಅಥವಾ ಆಗುವುದಿಲ್ಲ.

ಕಾಳಿಯ ಮೇಲೆ ಬಿಸಿಲು ಚುರುಗುಡುತ್ತಿತ್ತು.
ಚೀಲದಿಂದ ನೀರು ತೊಟ್ಟಿಕ್ಕಿ ಕಾಲ ಬಳಿ ಹರಿದಾಗ
ಪಕ್ಕದ ಸೀಟಿನವಳು ಕೇಳಿದಳು, ಬಂಗಡೆ ಹೇಗೆ ಕೊಟ್ಟಳು?
ದಿನವಿಡೀ ಯಾರೂ ಇಷ್ಟು ಬೇಗ ಉತ್ತರಿಸಿರಲಿಲ್ಲ:
ಐವತ್ತಕ್ಕೆ ಐದು.
ಮೇಲೊಂದು ಕೊಸರು ಹಾಕಿದಳು,
ಯಾತಕ್ಕೆ ಎಂದು ಹೇಳಲಿಲ್ಲ.